ಹಳೆಯ ದಾಸ್ತಾನಿನ ಎರಡು ಟೈರುಗಳು

"ವರ್ಷ ಕಳೆದ ಟೈರಿಗೆ ಯಾರಾದರೂ ಹಣ ಕೊಡುತ್ತಾರೆಯೇ?" ಎಂದು ಭಾವ ನಕ್ಕಿದ್ದರು. ಅಂಗಡಿಯಲ್ಲಿ ವರ್ಷದಿಂದ ಮಾರಾಟವಾಗದೆ ಉಳಿದಿದ್ದ ಆ ಎರಡು ಟೈರುಗಳು ಈಗ ನನ್ನ ಕಾರಿನಲ್ಲಿ ಸುಮಾರು 46 ಸಾವಿರ ಕಿಲೋಮೀಟರ್ ಓಡಿವೆ. ಮೊನ್ನೆ ಅಳೆದಾಗ ಟೈರಿನ ಮೇಲ್ಮೈ ತೋಡುಗಳ (ಟ್ರೆಡ್) ಆಳ 3 ಮಿಲಿಮೀಟರ್ ಆಸುಪಾಸು ಉಳಿದಿತ್ತು. ಭಾವ ಈಗ ನಗುವುದಿಲ್ಲ.

ಅದಕ್ಕೂ ಮೊದಲು ಎರಡು ಬಾರಿ ಕೈ ಸುಟ್ಟುಕೊಂಡಿದ್ದೇನೆ. ಮೊದಲ ಸಲ ಹೊಸದರ ಮೂರನೇ ಒಂದು ಪಾಲು ಬೆಲೆಗೆ ಬಳಸಿದ ಟೈರು ತಂದೆ. ತೋಡುಗಳು ಚೆನ್ನಾಗಿದ್ದವು, ಹೊರಮೈ ಮಿರಮಿರ ಹೊಳೆಯುತ್ತಿತ್ತು. ತಯಾರಿಕೆಯ ದಿನಾಂಕ ಒಳಬದಿಯಲ್ಲಿ ಮಾತ್ರ ಇರಬಹುದೆಂಬುದು ಆಗ ಹೊಳೆಯಲಿಲ್ಲ. ಟೈರಿನ ಪಕ್ಕದ ಗೋಡೆ (ಸೈಡ್‌ವಾಲ್) ಉಬ್ಬಿದ ಮೇಲೆ ಬಿಚ್ಚಿ ನೋಡಿದರೆ ಕೊನೆಯ ನಾಲ್ಕು ಅಂಕಿ 1411, ಅಂದರೆ 2011ರ 14ನೇ ವಾರ. ಕೊಂಡದ್ದು 2019ರಲ್ಲಿ! ಓಡಿದ್ದು ಏಳು ಸಾವಿರ ಕಿಲೋಮೀಟರ್. ಕಿಲೋಮೀಟರಿಗಿಷ್ಟು ಎಂದು ಲೆಕ್ಕ ಹಾಕಿದರೆ ಹೊಸದಕ್ಕಿಂತ ದುಪ್ಪಟ್ಟು ಬಿತ್ತು.

ಎರಡನೇ ಸಲ ಸಿಕ್ಕಿದ್ದರಲ್ಲೇ ಅಗ್ಗದ ನಾಲ್ಕು ಹೊಸ ಟೈರು. 15 ಸಾವಿರ ಕಿಲೋಮೀಟರಿಗೆ ಮುಂದಿನವು ಊಳಿಡತೊಡಗಿದವು. ಟೈರನ್ನೇ ಬೈದೆ. ತಪ್ಪು ಅದರದ್ದಲ್ಲ: ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳಿನ ತುದಿಯ ಕೀಲು, ಸಡಿಲವಾಗಿತ್ತು, ಎಷ್ಟು ಸಲ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿದರೂ ನಿಲ್ಲುತ್ತಿರಲಿಲ್ಲ, ಒಳ ಅಂಚು ಮಾತ್ರ ಸವೆದು ನೂಲು ಕಾಣುತ್ತಿತ್ತು.

ಹಾಗಾಗಿ ಮೂರನೇ ಸಲ ಮೊದಲ ಖರ್ಚು ಟೈ ರಾಡ್‌ಗೆ. ಆಮೇಲೆ 185/65 ಆರ್15 ಅಳತೆಯ, ಭಾರಸೂಚಿ (ಟೈರು ಹೊರಬಲ್ಲ ತೂಕದ ಸಂಕೇತ) 88ಕ್ಕೆ ಕಡಿಮೆಯಿಲ್ಲದಂತೆ, ತಯಾರಾಗಿ 13-14 ತಿಂಗಳಾಗಿದ್ದ ಎರಡು ಟೈರು. ನೆರಳಲ್ಲಿ ಇಟ್ಟದ್ದು, ತೋಡುಗಳ ತಳವನ್ನು ಅಗಲಿಸಿ ನೋಡಿದೆ, ಬಿರುಕಿಲ್ಲ. ಒಂದೂವರೆ ವರ್ಷ ದಾಟಿದ್ದನ್ನು ನಾನು ಮುಟ್ಟುವುದಿಲ್ಲ. ಬೆಲೆಯಲ್ಲಿ ಐದನೇ ಒಂದು ಪಾಲು ಇಳಿಯಿತು, ಬ್ಯಾಲೆನ್ಸಿಂಗ್ ಮತ್ತು ಹೊಸ ವಾಲ್ವ್ ಅದರಲ್ಲೇ ಸೇರಿತು. ಅಂಗಡಿಯವರು ಹಿಂದಿನ ಸಾಲಿನಿಂದ ಸರಕು ತೆಗೆಯುವಂತೆ ಮಾಡುವುದು ಒಂದೇ ಒಂದು ಪ್ರಶ್ನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅಂಗಡಿ ಖಾಲಿಯಿದ್ದಾಗ ಹೋಗಿ ಎಂದಷ್ಟೇ ಹೇಳುತ್ತೇನೆ.

ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿಸಿದೆ. ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನಲ್ಲವೇ ಎಂದು ಫಿಟ್ಟರ್ ಕೂಡ ಗೊಣಗಿದರು. ಮಳೆಯಲ್ಲಿ ಸವೆದ ಹಿಂದಿನ ಟೈರು ಹಿಡಿತ ಬಿಟ್ಟರೆ ಕಾರಿನ ಬಾಲ ತಿರುಗುತ್ತದೆ, ಆಮೇಲೆ ಸ್ಟೀರಿಂಗ್ ಹಿಡಿದು ಏನು ಮಾಡುವುದು? ಎಂಟು ತಿಂಗಳ ನಂತರ ಇನ್ನೊಂದು ಜೋಡಿ ತಂದೆ. ಅಷ್ಟರಲ್ಲಿ ಹಳೆಯ ಮಾದರಿ ಮುಗಿದಿತ್ತು; ಅದೇ ಅಳತೆಯ ಬೇರೆ ಮಾದರಿ ಹಿಂದಕ್ಕೆ ಹೋಯಿತು, ಮೊದಲಿನವು ಮುಂದಕ್ಕೆ ಬಂದವು.

ನಡುವೆ ಒಂದು ಹುಚ್ಚು ಪ್ರಯೋಗ. ಪೆಟ್ರೋಲ್ ಉಳಿಯಲೆಂದು ಕಾರಿನ ಬಾಗಿಲಲ್ಲಿ ಗಾಳಿಯ ಒತ್ತಡ ನಮೂದಿಸಿರುವ ಚೀಟಿಗಿಂತ 3 ಪಿಎಸ್‌ಐ ಹೆಚ್ಚು ಗಾಳಿ ತುಂಬಿಸಿದೆ. 12 ಸಾವಿರ ಕಿಲೋಮೀಟರಿಗೆ ನಡುಭಾಗ ಅಂಚಿಗಿಂತ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಜಾಸ್ತಿ ಸವೆಯಿತು. ಪೆಟ್ರೋಲ್ ಉಳಿತಾಯ ನನ್ನ ಲೆಕ್ಕಕ್ಕೆ ಸಿಗಲೇ ಇಲ್ಲ. ಮತ್ತೆ ಚೀಟಿಯ ಅಂಕಿಗೇ ಬಂದೆ.

ಕಳೆದ ತಿಂಗಳು ಭಾವನ ಕಾರಿಗೂ ಹೀಗೆಯೇ ಎರಡು ಆರಿಸಿ ಕೊಟ್ಟೆ. ಹಳೆಯ ದಾಸ್ತಾನಿಗೆ ಒಪ್ಪಿದರು. ಆದರೆ ಮುಂದಕ್ಕೇ ಹಾಕಿಸಿಕೊಂಡು ಹೋದರು.