ಪ್ರೋಟ್ಯಾಕ್ ಕೆಲಸ ಮಾಡುತ್ತಿದೆಯಾ? ಹೀಗೆ ನೋಡಿ

ಪ್ರೋಟ್ಯಾಕ್ ಎರಡು ಕೈಯಿರುವ ಅಣು. ಒಂದು ಕೈ ಬೇಡದ ಪ್ರೋಟೀನನ್ನು ಹಿಡಿಯುತ್ತದೆ, ಇನ್ನೊಂದು ಸೆರೆಬ್ಲಾನ್‌ನಂಥ ಇ3 ಲೈಗೇಸನ್ನು (ಪ್ರೋಟೀನಿಗೆ ಚೀಟಿ ಅಂಟಿಸುವ ಕಿಣ್ವ). ಆಗ ಬೇಡದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟುತ್ತದೆ, ಪ್ರೋಟಿಯಾಸೋಮ್ ಆ ಪ್ರೋಟೀನನ್ನು ಚೂರು ಮಾಡುತ್ತದೆ.

ಮೊದಲ ಸಲ ನಾನು ಕೋಶಗಳಿಗೆ 10 ಮೈಕ್ರೋಮೋಲಾರ್ ಡೋಸ್ ಒಂದನ್ನೇ ಹಾಕಿದೆ. ಬ್ಲಾಟ್‌ನಲ್ಲಿ (ಪ್ರೋಟೀನ್ ಎಷ್ಟಿದೆ ಅಂತ ತೋರಿಸುವ ಪರೀಕ್ಷೆ) ಆ ಪ್ರೋಟೀನಿನ ಬ್ಯಾಂಡ್, ಅಂದರೆ ಗೆರೆ, ಹಾಗೇ ಇತ್ತು. ಅಣುವನ್ನೇ ಬೈದೆ! ತಪ್ಪು ನನ್ನದೇ. ಡೋಸ್ ಜಾಸ್ತಿಯಾದರೆ ಪ್ರೋಟೀನಿಗೆ ಒಂದು ಅಣು, ಲೈಗೇಸಿಗೆ ಇನ್ನೊಂದು ಅಂಟಿಕೊಂಡು ಜೋಡಿಯೇ ಕೂಡುವುದಿಲ್ಲ. ಇದೇ ಹುಕ್ ಎಫೆಕ್ಟ್. ಹಾಗಾಗಿ 1 ನ್ಯಾನೋಮೋಲಾರ್‌ನಿಂದ ಶುರು ಮಾಡಿ, 10 ಪಟ್ಟು ಏರಿಸುತ್ತಾ ಹೋಗಿ.

ಬ್ಯಾಂಡ್ ಮಾಯವಾಯಿತು ಅಂತ ಸುಮ್ನೆ ಕುಣಿಯಬೇಡಿ. ಪ್ರೋಟಿಯಾಸೋಮನ್ನು ತಡೆಯುವ ಎಂಜಿ132 ಮೊದಲೇ ಹಾಕಿದ ಕೋಶಗಳಲ್ಲಿ ಬ್ಯಾಂಡ್ ಉಳಿಯಬೇಕು, ಅಲ್ವಾ? ಎಂಜಿ132 ಅನ್ನು ಕೆಲವೇ ಗಂಟೆ ಇಡಿ. ಜಾಸ್ತಿಯಾದರೆ ಕೋಶಗಳೇ ಸಾಯುತ್ತವೆ. ಲೈಗೇಸ್ ಹಿಡಿಯದಂತೆ ಬದಲಿಸಿದ ಅಣುವನ್ನೂ ಪಕ್ಕದಲ್ಲೇ ಓಡಿಸಿ, ಅಲ್ಲೂ ಬ್ಯಾಂಡ್ ಉಳಿಯಬೇಕು.