ಒಬ್ಬರಿಗೆ ಇಬ್ಬರೇ ಮಕ್ಕಳು, ಮನೆ ದಾರಿಯ ಬಸ್ಸು: ನನ್ನ ಅನುಭವ

"ಪರೀಕ್ಷೆ ಬಂದರೆ ಒಬ್ಬರೂ ಉಳಿಯಲ್ಲ ಮೇಡಂ, ಸುಮ್ನೆ ಯಾಕೆ ಒದ್ದಾಡ್ತೀರಿ?" ನಮ್ಮ ಸ್ಟಾಫ್‌ರೂಮಿನಲ್ಲಿ ಇದನ್ನು ಹೇಳದವರಿಲ್ಲ. ನಮ್ಮ ಡಿಗ್ರಿ ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ವಿದ್ಯಾರ್ಥಿಗಳು ತುಮಕೂರು ಹತ್ತಿರದ ಒಂದು ಹಳ್ಳಿ ಶಾಲೆಯ ಮಕ್ಕಳಿಗೆ ಓದು, ಲೆಕ್ಕ ಹೇಳಿಕೊಡಲು ಶನಿವಾರ ಮಧ್ಯಾಹ್ನ ಈಗಲೂ ಹೋಗುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ಪೂರ್ತಿ ಕೆಟ್ಟಿತು. ನಲವತ್ತು ಜನ ಹೆಸರು ಕೊಟ್ಟರು. ಎನ್‌ಎಸ್‌ಎಸ್‌ಗೆ ಬೇಕಾದ ವರ್ಷದ 120 ಗಂಟೆ ಸೇವೆ ತುಂಬಿಸಿಕೊಳ್ಳಲು ಬಂದವರೇ ಜಾಸ್ತಿ. ಟೀ ಶರ್ಟ್, ಬ್ಯಾನರ್‌ಗೆ ಸುಮಾರು 9 ಸಾವಿರ ಹೋಯಿತು. ಟೆಂಪೋಗೆ ವಾರಕ್ಕೆ 1,200. ಅರ್ಧ ನನ್ನ ಸಂಬಳದಿಂದಲೇ. ಐದನೇ ವಾರಕ್ಕೆ ಉಳಿದವರು ಏಳೆಂಟು ಜನ. "ನಮ್ಮಕ್ಕ ಯಾಕೆ ಬರಲಿಲ್ಲ ಮಿಸ್?" ಅಂತ ಗೇಟಿನ ಹತ್ತಿರ ಕಾಯುತ್ತಿದ್ದ ಹುಡುಗಿ ಕೇಳಿದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಆಸೆ ಹುಟ್ಟಿಸಿ ಕೈಬಿಡುವುದಕ್ಕಿಂತ ನಾವು ಹೋಗದೇ ಇದ್ದಿದ್ದರೇ ಚೆನ್ನಾಗಿತ್ತು ಅನಿಸಿತು.

ಮುಂದಿನ ವರ್ಷ ಟೆಂಪೋ ಬಿಟ್ಟೆ. ಆ ಹಳ್ಳಿಯ ದಾರಿಯಲ್ಲೇ ಮನೆ ಇರುವವರನ್ನು ಮಾತ್ರ ತಗೊಂಡೆ. ಹನ್ನೆರಡು ಜನ ಸಿಕ್ಕರು. ಹೇಗಿದ್ದರೂ ಮನೆಗೆ ಹೋಗುವ ಬಸ್ಸೇ ಅದು. ನಡುವೆ ಇಳಿದು, ಎರಡು ಗಂಟೆ ಮಕ್ಕಳ ಜೊತೆ ಇದ್ದು, ಮುಂದಿನ ಬಸ್ಸು ಹಿಡಿಯುವುದು. ಹುಡುಗರ ಹತ್ತಿರ ಪಾಸ್ ಇತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಪಾಸೂ ಬೇಡವಾಯಿತು. ಈಗ ತಿಂಗಳಿಗೆ ನನ್ನ ಖರ್ಚು ಪೆನ್ಸಿಲ್, ಕಡಲೆಮಿಠಾಯಿ ಸೇರಿ ಮುನ್ನೂರು ದಾಟಲ್ಲ.

ಒಬ್ಬರಿಗೆ ಇಬ್ಬರೇ ಮಕ್ಕಳು, ವರ್ಷವಿಡೀ ಅವರೇ. ಒಬ್ಬ ಬಿ.ಎ., ಒಬ್ಬ ಬಿ.ಎಸ್ಸಿ. ಹೀಗೆ ಜೋಡಿ ಮಾಡಿದೆ. ಒಬ್ಬರಿಗೆ ಪ್ರಾಕ್ಟಿಕಲ್ ಬಂದರೆ ಇನ್ನೊಬ್ಬರು ನಾಲ್ವರನ್ನೂ ನೋಡಿಕೊಳ್ಳುತ್ತಾರೆ. ಥಿಯರಿ ಪರೀಕ್ಷೆಗೆ ಮೂರು ವಾರ ಬಿಡುವು. ಅದನ್ನು ಮಕ್ಕಳಿಗೆ ಮೊದಲೇ ಹೇಳಿ, ಕ್ಯಾಲೆಂಡರಿನಲ್ಲಿ ಅವರ ಕೈಯಲ್ಲೇ ಗುರುತು ಹಾಕಿಸುತ್ತೇವೆ. ಯಾವ ಮಗುವಿಗೆ ಯಾರು ಅಂತ ಆರಿಸಲು ನನ್ನದೇ ಒಂದು ದಾರಿ ಇದೆ. ಅದನ್ನು ಬರೆಯಲ್ಲ, ಬಂದರೆ ತೋರಿಸುತ್ತೇನೆ.

ನಡುವೆ ಮಕ್ಕಳ ಮನೆಯ ಫೋನಿಗೆ ವಾಟ್ಸಾಪ್‌ನಲ್ಲಿ ಪಾಠ ಕಳಿಸಿ ನೋಡಿದೆ. ಫೋನು ಅಪ್ಪನ ಜೇಬಿನಲ್ಲಿ, ಅಪ್ಪ ರಾತ್ರಿ ಒಂಬತ್ತಕ್ಕೆ ಮನೆಗೆ. ಎರಡೇ ವಾರಕ್ಕೆ ಬಿಟ್ಟೆ. ಚೌಕಾಬಾರ ಮಾತ್ರ ಗೆದ್ದಿತು. ಹುಣಸೆ ಬೀಜವನ್ನು ಒಂದು ಕಡೆ ಉಜ್ಜಿ ಬೆಳ್ಳಗೆ ಮಾಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದರು. ಕೂಡುವ ಲೆಕ್ಕಕ್ಕೆ ಬೆರಳು ಮಡಿಸುತ್ತಿದ್ದ ಹುಡುಗ, ಕಾಯಿ ಹೊಡೆಯಲು ಎಷ್ಟು ಬೀಳಬೇಕು ಅಂತ ಬಾಯಲ್ಲೇ ಹೇಳತೊಡಗಿದ.

ನಾಲ್ಕು, ಐದನೇ ಕ್ಲಾಸಿನ ಇಪ್ಪತ್ನಾಲ್ಕು ಮಕ್ಕಳಲ್ಲಿ ಹದಿನೇಳೋ ಹದಿನೆಂಟೋ ಜನ ಈಗ ಒತ್ತಕ್ಷರ ಬಂದರೂ ನಿಲ್ಲದೆ ಓದುತ್ತಾರೆ. ಶುರುವಿನಲ್ಲಿ ಹಾಗೆ ಓದುತ್ತಿದ್ದವರು ಐದಾರು ಜನ ಮಾತ್ರ. ಹೆಡ್‌ಮಾಸ್ಟರು ಇದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೇ ಹೇಳಿದರು. ನನಗೆ ಹೆಮ್ಮೆ ಇದೆ.

ಪಕ್ಕದೂರಿನ ಶಾಲೆಯವರೂ ಕೇಳಿದ್ದಾರೆ. ಆ ರೂಟಿನಲ್ಲಿ ನಮ್ಮ ವಿದ್ಯಾರ್ಥಿಗಳು ಮೂವರೇ. ಜೂನ್‌ನಲ್ಲಿ ಹೊಸ ಅಡ್ಮಿಶನ್ ಆದ ಮೇಲೆ ಎಣಿಸಿ ಹೇಳುತ್ತೇನೆ ಅಂದಿದ್ದೇನೆ.