ಉರಿಬಿಸಿಲಲ್ಲಿ ವಂಡರ್‌ಲಾ: ಫೋಟೊ ತೆಗೆಯೋದು ಹೇಗೆ?

ಮಕ್ಕಳ ಪರೀಕ್ಷೆ ಮುಗಿದದ್ದೇ ತಡ, ಬಿಡದಿ ಕಡೆಗೆ ಗಾಡಿಗಳ ಸಾಲು ಶುರುವಾಗುತ್ತದೆ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿ.ಮೀ. ಹೋದರೆ ರೈಡ್, ನೀರಾಟಗಳ ಪಾರ್ಕ್ ವಂಡರ್‌ಲಾ. 2005ರಿಂದ ಬೇಸಿಗೆ ರಜೆ ಅಂದರೆ ಎಷ್ಟೋ ಮನೆಗಳಲ್ಲಿ ಇದೇ ಪ್ರವಾಸ. ದಿನವಿಡೀ ಕುಣಿದು ಬಂದು ರಾತ್ರಿ ಫೋನ್ ತೆರೆದರೆ ನಾನೂರು ಫೋಟೊ. ಅರ್ಧದಲ್ಲಿ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ. ಉಳಿದರ್ಧದಲ್ಲಿ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ.

ಇದಕ್ಕೆ ಕಾರಣ ತಲೆಯ ಮೇಲೆಯೇ ಇದೆ. ಬೆಂಗಳೂರು, ಬಿಡದಿ ಭಾಗದಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಗೆ ನೇರ ಬರುತ್ತಾನೆ. ನೆರಳಿಲ್ಲದ ದಿನ ಅಂತ ಶಾಲೆಗಳಲ್ಲಿ ಅಂಗಳದಲ್ಲಿ ಕೋಲು ನೆಟ್ಟು ತೋರಿಸುತ್ತಾರಲ್ಲ, ಅದೇ. ಬೆಳಕು ಮೇಲಿನಿಂದ ನೆಟ್ಟಗೆ ಬಿದ್ದರೆ ಹುಬ್ಬಿನ ನೆರಳು ಕಣ್ಣಿಗೆ, ಮೂಗಿನ ನೆರಳು ತುಟಿಗೆ. ಎಷ್ಟೇ ದುಬಾರಿ ಕ್ಯಾಮೆರಾ ಇದ್ದರೂ ಇದು ತಪ್ಪದು. ಪಾರ್ಕ್ ಬಾಗಿಲು ತೆರೆಯುವುದೇ 11 ಗಂಟೆ ಹೊತ್ತಿಗೆ. ಬೆಳಗಿನ ಚಂದದ ಬೆಳಕು ಟಿಕೆಟ್ ತೋರಿಸುವ ಮೊದಲೇ ಮುಗಿದಿರುತ್ತದೆ.

ಹಾಗಾಗಿ ಮೊದಲ ಕೆಲಸ, ದಿನವನ್ನು ಹಂಚಿಕೊಳ್ಳುವುದು. ಹನ್ನೆರಡರಿಂದ ಮೂರೂವರೆವರೆಗೆ ಫೋನನ್ನು ಲಾಕರ್‌ಗೆ ಹಾಕಿ ಆಟವಾಡಿ. ನಿಜವಾಗಿ ಹೇಳ್ತೀನಿ, ಆ ಹೊತ್ತಿನ ಫೋಟೊ ಯಾರೂ ತಿರುಗಿ ನೋಡುವುದಿಲ್ಲ. ದುಡ್ಡು ಕೊಟ್ಟು ಒಳಗೆ ಬಂದದ್ದು ಆಡುವುದಕ್ಕೆ ಅಲ್ವಾ?

ನಡುಮಧ್ಯಾಹ್ನವೇ ಫೋಟೊ ಬೇಕು ಅಂತ ಮನೆಯವರು ಹಟ ಹಿಡಿದರೆ ನೆರಳು ಹುಡುಕಿ. ಆದರೆ ಮರದ ಬುಡಕ್ಕೆ ಹೋಗಬೇಡಿ. ಅಲ್ಲಿ ಎಲೆಗಳ ಸಂದಿಯಿಂದ ಬಿಸಿಲು ತೂರಿ ಮುಖದ ಮೇಲೆ ಚುಕ್ಕೆ ಚುಕ್ಕೆ ಬೀಳುತ್ತದೆ. ನೆರಳಿನ ಅಂಚಿನಿಂದ ಒಂದೇ ಒಂದು ಹೆಜ್ಜೆ ಒಳಗೆ ನಿಲ್ಲಿಸಿ, ಮುಖ ಬಿಸಿಲಿನ ಕಡೆಗೆ ಇರಲಿ. ನೀವು ಹೊರಗೆ ಬಿಸಿಲಲ್ಲೇ ನಿಂತು ತೆಗೆಯಿರಿ (ಫೋಟೊ ತೆಗೆಯುವವರ ಹಣೆಬರಹವೇ ಅಷ್ಟು). ಎದುರಿನ ಕಾಂಕ್ರೀಟ್ ನೆಲಕ್ಕೆ ಬಿದ್ದ ಬೆಳಕು ಮೇಲೆ ಚಿಮ್ಮಿ ಮುಖ ಬೆಳಗುತ್ತದೆ. ಹಿಂದೆ ನೆರಳೇ ಇರುವುದರಿಂದ ಮುಖ ಎದ್ದು ಕಾಣುತ್ತದೆ. ಕೂತವರಾದರೆ ತೊಡೆಯ ಮೇಲೊಂದು ಬಿಳಿ ಟವೆಲ್ ಹರವಿ ನೋಡಿ. ಗಲ್ಲದ ಕೆಳಗಿನ ಕಪ್ಪು ತಟ್ಟನೆ ಕರಗುತ್ತದೆ. ನಮ್ಮ ಅತ್ತೆಗೆ ಈ ಉಪಾಯ ಎಷ್ಟು ಹಿಡಿಸಿತೆಂದರೆ, ಈಗ ಮದುವೆ ಮನೆಗಳಲ್ಲೂ ಟವೆಲ್ ಕೇಳುತ್ತಾರೆ.

ಇನ್ನು ಬೆಳಕಿನ ಹದ. ಹೊಳೆಯುವ ನೀರು, ಬಿಳಿ ಗೋಡೆ ಇರುವಲ್ಲಿ ಫೋನ್ ತಬ್ಬಿಬ್ಬಾಗುತ್ತದೆ. ಪರದೆಯಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಹೆಚ್ಚಿನ ಫೋನ್‌ಗಳಲ್ಲಿ ಪುಟ್ಟ ಸೂರ್ಯನ ಗುರುತು ಬರುತ್ತದೆ. ಅದನ್ನು ಒಂಚೂರು ಕೆಳಗೆಳೆಯಿರಿ. ಫೋಟೊ ಸ್ವಲ್ಪ ಕಪ್ಪಾದರೆ ಮನೆಗೆ ಬಂದು ತಿಳಿ ಮಾಡಬಹುದು. ಬೆಳ್ಳಗೆ ಸುಟ್ಟುಹೋದ ಕೆನ್ನೆಯನ್ನು ವಾಪಸ್ ತರಲು ಆಗುವುದಿಲ್ಲ.

ಲೆನ್ಸ್ ಒರೆಸುವುದನ್ನು ಮರೆಯುವವರೇ ಜಾಸ್ತಿ. ನಾನೂ ಮರೆತವನೇ. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಪಾರ್ಕಿನಲ್ಲಿ ಅಣ್ಣನ ಮಗಳ ಮೊದಲ ನೀರಾಟ. ಅವಳ ಕೈಕಾಲಿಗೆ ಸನ್‌ಸ್ಕ್ರೀನ್ ಹಚ್ಚಿ, ಅದೇ ಬೆರಳಲ್ಲಿ ಜೇಬಿನಿಂದ ಫೋನ್ ತೆಗೆದೆ. ಬಿಸಿಲಲ್ಲಿ ಪರದೆ ಸರಿಯಾಗಿ ಕಾಣಲಿಲ್ಲ, ಸುಮ್ನೆ ಒತ್ತುತ್ತಾ ಹೋದೆ. ರಾತ್ರಿ ನೋಡಿದರೆ ಒಂದೊಂದು ಫೋಟೊವೂ ಹಾಲಿನ ಕೆನೆ ಕಟ್ಟಿದ ಹಾಗೆ. ಲೆನ್ಸ್ ಮೇಲೆ ನನ್ನ ಹೆಬ್ಬೆರಳಿನ ಗುರುತು ಗೆರೆ ಸಮೇತ ಕೂತಿತ್ತು. ಅಂದಿನಿಂದ ಅಂಗಿ ಜೇಬಿನಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೊಂದು ಹಳೇ ಕಾಟನ್ ಕರ್ಚೀಫು. ಕವರ್ ಯಾಕೆಂದರೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಸುಕು ಇನ್ನಷ್ಟು ಹರಡುತ್ತದೆ.

ರೈಡ್‌ಗಳ ಮೇಲೆ ಫೋನ್ ಬೇಡವೇ ಬೇಡ. ಕೈಜಾರಿದರೆ ಕೆಳಗಿರುವವರ ತಲೆಗೆ ಕಲ್ಲು ಬಿದ್ದ ಹಾಗೆ. ಕೆಳಗೆ ನಿಂತೇ ಒಳ್ಳೆಯ ಫೋಟೊ ಸಿಗುತ್ತದೆ. ಮೊದಲ ಸುತ್ತು ಬರಿಗಣ್ಣಲ್ಲಿ ನೋಡಿ: ಎಲ್ಲಿ ನಿಧಾನವಾಗುತ್ತದೆ, ಎಲ್ಲಿ ಜನ ಕಿರುಚುತ್ತಾರೆ. ಎರಡನೇ ಸುತ್ತಿಗೆ ಆ ಜಾಗಕ್ಕೆ ಗುರಿಯಿಟ್ಟು ಕಾಯಿರಿ. ರಿಕಾಯ್ಲ್ ರೋಲರ್ ಕೋಸ್ಟರ್ ಹೋದ ಹಳಿಯಲ್ಲೇ ಹಿಂದಕ್ಕೆ ಬರುತ್ತದೆ. ನಿಂತ ಜಾಗದಲ್ಲೇ ಎರಡು ಅವಕಾಶ! ಒಂದೊಂದೇ ಒತ್ತದೆ ಬರ್ಸ್ಟ್‌ನಲ್ಲಿ (ಒಂದರ ಹಿಂದೆ ಒಂದು ಸರಸರನೆ ಫೋಟೊ ತೆಗೆಯುವ ವಿಧಾನ) ಇಪ್ಪತ್ತು ತೆಗೆದು, ಒಂದು ಇಟ್ಟುಕೊಂಡು ಉಳಿದದ್ದು ಅಳಿಸಿ. ಕ್ಯಾಮೆರಾ ಇದ್ದವರಿಗೆ ಒಂದು ಮಾತು. ನೀರಿನ ಹನಿ ಗಾಳಿಯಲ್ಲಿ ನಿಲ್ಲಬೇಕೆಂದರೆ ಶಟರ್, ಅಂದರೆ ಬೆಳಕು ಒಳಗೆ ಬಿಡುವ ಬಾಗಿಲು, ತೆರೆದು ಮುಚ್ಚುವುದು 1/1000 ಸೆಕೆಂಡಿಗಿಂತ ನಿಧಾನ ಇರಬಾರದು. ತಿರುಗುವ ರೈಡ್‌ನ ವೇಗ ತೋರಿಸಬೇಕೆಂದರೆ 1/60ಕ್ಕೆ ಇಳಿಸಿ, ರೈಡ್ ಜೊತೆಗೇ ಕ್ಯಾಮೆರಾ ತಿರುಗಿಸಿ.

ನೀರಿಗೆ ಇಳಿಯುವಾಗ ಪ್ಲಾಸ್ಟಿಕ್ ಪೌಚ್ ಕೊರಳಿಗೆ ನೇತುಹಾಕುವವರು ಮೊದಲು ಅದರಲ್ಲಿ ಬರೀ ಟಿಶ್ಯೂ ಹಾಕಿ ಬಕೆಟ್‌ನಲ್ಲಿ ಮುಳುಗಿಸಿ ನೋಡಿ. ನೀರೊಳಗೆ ಟಚ್ ಕೆಲಸ ಮಾಡುವುದಿಲ್ಲ, ವಾಲ್ಯೂಮ್ ಬಟನ್ ಒತ್ತಿ ಕ್ಲಿಕ್ ಮಾಡಬೇಕು. ವಾಟರ್‌ಪ್ರೂಫ್ ಫೋನ್ ಅಂತ ಬರಿದೇ ಮುಳುಗಿಸುವ ಧೈರ್ಯ ಬೇಡ. ಫೋನ್ ನೀರು ತಡೆಯುತ್ತದೆ ಅಂತ ಹೇಳುವ ಐಪಿ68 ಗುರುತಿನ ಪರೀಕ್ಷೆ ಸಿಹಿನೀರಿನದು, ಕ್ಲೋರಿನ್ ಹಾಕಿದ ಕೊಳದ್ದಲ್ಲ.

ನೀರಿಗಿಂತ ಫೋನನ್ನು ಜಾಸ್ತಿ ಕಾಡುವುದು ಬಿಸಿಲು. ಐಫೋನ್‌ಗೆ ಆಪಲ್ ಹೇಳುವ ಮಿತಿ 35 ಡಿಗ್ರಿ ಸೆಲ್ಸಿಯಸ್ ಹವೆ. ಬೆಂಚಿನ ಮೇಲೆ ಬಿಸಿಲಲ್ಲಿ ಬಿಟ್ಟ ಫೋನ್ ಹತ್ತೇ ನಿಮಿಷದಲ್ಲಿ ದೋಸೆ ಹೆಂಚಾಗುತ್ತದೆ. ಪರದೆ ಮಂಕಾಗುತ್ತದೆ, ಫ್ಲ್ಯಾಷ್ ನಿಲ್ಲುತ್ತದೆ. ಆಗ ಕೇಸ್ ಬಿಚ್ಚಿ, ನೆರಳಲ್ಲಿಟ್ಟು, ಸುಮ್ಮನೆ ಬಿಡಿ. ಐಸ್‌ಕ್ರೀಂ ಡಬ್ಬಿಗೆ ಒತ್ತಿ ಹಿಡಿಯಬೇಡಿ, ಒಳಗೆ ತೇವ ಕಟ್ಟುತ್ತದೆ.

ನಾಲ್ಕು ದಾಟಿದ ಮೇಲೆ ಬೆಳಕು ವಾಲುತ್ತದೆ. ಈಗ ವೇವ್ ಪೂಲ್ (ಅಲೆ ಏಳುವ ಕೊಳ) ಹತ್ತಿರ ಒಣ ಅಂಚಿನಲ್ಲಿ ನಿಲ್ಲಿ. ಸೂರ್ಯ ನಿಮ್ಮ ಎದುರಿಗಿರಲಿ, ಮಕ್ಕಳು ನಡುವೆ. ಅವರು ಎರಚಿದ ನೀರಿನ ಹನಿ ಹನಿಗೂ ಹಿಂದಿನಿಂದ ಬೆಳಕು ಹೊಕ್ಕು ಕಿಡಿ ಹಾರಿದ ಹಾಗೆ ಕಾಣುತ್ತದೆ. ಲೆನ್ಸ್‌ಗೆ ನೇರ ಬಿಸಿಲು ಬೀಳದಂತೆ ಮೇಲೆ ಅಂಗೈ ಅಡ್ಡ ಹಿಡಿಯಿರಿ. ಚೌಕಟ್ಟಿನಲ್ಲಿ ಬೇರೆಯವರ ಹೆಣ್ಣುಮಕ್ಕಳು, ಮಕ್ಕಳು ಒದ್ದೆ ಬಟ್ಟೆಯಲ್ಲಿ ಇದ್ದರೆ ಫೋನ್ ಇಳಿಸಿ, ಅವರು ದಾಟಲಿ. ಕೊಳದಲ್ಲಿ ಜನ ಕಿಕ್ಕಿರಿದಿದ್ದರೆ ಬಗ್ಗಿ ನಿಮ್ಮ ಮಗುವಿನ ಮುಖವಷ್ಟನ್ನೇ ಹತ್ತಿರದಿಂದ ತೆಗೆಯಿರಿ.

ಬಟ್ಟೆ ಬದಲಿಸಿ ಹೊರಡುವ ಹೊತ್ತಿಗೆ ಹುಡುಗರ ಬೆರಳ ತುದಿ ಮುದುರಿ ಒಣದ್ರಾಕ್ಷಿ ಆಗಿರುತ್ತದೆ. ಅದರದ್ದೂ ಒಂದು ತೆಗೆದುಕೊಳ್ಳಿ, ಹತ್ತಿರದಿಂದ. ಕಾರಿಗೆ ಹತ್ತಿದ ಕೂಡಲೇ ಚಾರ್ಜರ್ ಚುಚ್ಚಬೇಡಿ. ಫೋನಿನ ಚಾರ್ಜರ್ ಚುಚ್ಚುವ ಬಾಯಿ ಕೆಳಗೆ ಮಾಡಿ ಅಂಗೈಗೆ ಎರಡು ಸಲ ತಟ್ಟಿ. ಹನಿ ಉದುರಿದರೆ ಕೆಂಗೇರಿ ದಾಟುವವರೆಗೂ ಹಾಗೇ ಒಣಗಲಿ.